ಚರ್ಮಸೀಟು ವಿಜಯ

ಆನೆಯಿಂದ ಇಲಿಯವರೆಗೆ, ಅರಸನಿಂದ ಆಳಿನವರೆಗೆ, ಸಕಲ ಜೀವಿಗಳನ್ನೂ ಒಂದೇ ವಾತ್ಸಲ್ಯದಿಂದ ಹೊದಿಸಿ ಕಾಯುವವಳೇ, ಬಿಸಿಲಿಗೆ ಕಂದುವವಳೇ, ಚಳಿಗೆ ಒಡೆಯುವವಳೇ, ನಾಚಿಕೆಗೆ ಕೆಂಪಾಗಿ ಸೊಳ್ಳೆಗೆ ಊದಿಕೊಳ್ಳುವವಳೇ, ಹೇ ತ್ವಗ್ದೇವಿ, ಮೊದಲ ನಮಸ್ಕಾರ ನಿನಗೆ. ಹೃದಯವನ್ನು ಕವಿಗಳು ಹಾಡಿದರು, ಕಣ್ಣನ್ನು ಪ್ರೇಮಿಗಳು ಕೊಂಡಾಡಿದರು, ಹೊಟ್ಟೆಯನ್ನಂತೂ ಎಲ್ಲರೂ ಹೊತ್ತು ಹೊತ್ತಿಗೆ ಪೂಜಿಸಿದರು. ಇವೆಲ್ಲವೂ ಚೆಲ್ಲಿಹೋಗದಂತೆ ಹಿಡಿದು ನಿಂತ ನಿನ್ನನ್ನು ಮಾತ್ರ ತುರಿಸಿಕೊಳ್ಳುವ ಗಳಿಗೆಯಲ್ಲಷ್ಟೇ ನೆನೆದರು. ಆ ಲೋಪವನ್ನು ತುಂಬಲೆಂದೇ ಈ ಕಥೆಗೆ ತೊಡಗುತ್ತಿದ್ದೇನೆ. ನಾಲಿಗೆ ತೊದಲದಂತೆ ನೋಡಿಕೋ.

ಅದು ಕಲಿಯುಗದೊಳಗಿನ ಕೌನ್ಸೆಲಿಂಗೆಂಬ ಘೋರಪರ್ವ. ವೈದ್ಯಪದವಿಯನ್ನು ಗೆದ್ದ ಯುವಕ ಯುವತಿಯರು ಅಷ್ಟಕ್ಕೇ ತೃಪ್ತರಾಗದೆ, ಎಂ.ಡಿ. ಎಂಬ ಎರಡನೆಯ ಕಿರೀಟಕ್ಕಾಗಿ ಹಸಿವು ನಿದ್ರೆಗಳನ್ನು ತೊರೆದು ಓದಿನ ತಪಸ್ಸಿಗೆ ಕುಳಿತಿದ್ದ ಕಾಲ. ಆ ಕಿರೀಟಗಳಲ್ಲೆಲ್ಲ ಚರ್ಮರೋಗ ವಿಭಾಗದ್ದೇ ಅತ್ಯಂತ ದುರ್ಲಭವಾಗಿತ್ತು. ಏಕೆಂದರೆ ಚರ್ಮವೈದ್ಯನನ್ನು ಅಪರಾತ್ರಿಯಲ್ಲಿ ಯಾರೂ ಎಬ್ಬಿಸುವುದಿಲ್ಲ. ಅವನ ರೋಗಿ ಸಾಯುವುದೂ ಅಪರೂಪ, ಅಷ್ಟು ಬೇಗ ಗುಣವಾಗುವುದೂ ಅಪರೂಪ. ಇಂಥ ಸೀಟನ್ನು ವೀರರು ಸುಮ್ಮನೆ ಬಿಟ್ಟಾರೆಯೇ?

ನಮ್ಮ ಕಥಾನಾಯಕಿಗೆ ಮಾತ್ರ ಬೇರೆ ಕಾರಣವಿತ್ತು.

ಮುದ್ರಣಯಂತ್ರನಿನಾದಮುಖರಿತವಾದ ಗದಗ ಪಟ್ಟಣದ ಮಾರುಕಟ್ಟೆಯ ಮೂಲೆಯಲ್ಲಿ, ದೇವರಿಗೂ ಮದುಮಕ್ಕಳಿಗೂ ಚುನಾವಣೆ ಗೆದ್ದವರಿಗೂ ಒಂದೇ ಶ್ರದ್ಧೆಯಿಂದ ಮಾಲೆ ಕಟ್ಟುತ್ತಿದ್ದ ಸಂಗಪ್ಪ ಹೂಗಾರನೆಂಬ ಪುಷ್ಪಾಧಿಪತಿಯಿದ್ದನು. ಅವನ ಒಬ್ಬಳೇ ಮಗಳು ಡಾಕ್ಟರ್ ನೀಲಗಂಗಾ. ಎಂ.ಬಿ.ಬಿ.ಎಸ್. ಮುಗಿಸಿ, ರೋಣದ ಕಡೆಯ ಒಂದು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಮ್ಮು, ಭೇದಿ, ಚೇಳುಕಡಿತಗಳೆಂಬ ಶತ್ರುಗಳನ್ನು ದಿನವೂ ಎದುರಿಸುತ್ತಿದ್ದ ಆ ಹ್ಯಾಂಡ್‌ವಾಶ್‌ವಿದಗ್ಧಕರಪಲ್ಲವೆಯ ಬಳಿಗೆ ಒಂದು ದಿನ ರೇಣವ್ವ ಎಂಬ ಹುಡುಗಿ ಬಂದಳು. ಉರಿಬಿಸಿಲಲ್ಲೂ ಅವಳು ಮುಂಗೈ ಮುಚ್ಚುವ ತೋಳಿನ ಕುಪ್ಪಸ ತೊಟ್ಟಿದ್ದಳು. ಮದುವೆ ನಿಶ್ಚಯವಾಗಿತ್ತು, ಕುತ್ತಿಗೆಯ ಮೇಲೂ ತೋಳಿನ ಮೇಲೂ ಬಿಳಿ ಮಚ್ಚೆಗಳೆದ್ದಿದ್ದವು, ಬೀಗರು ಅದನ್ನು ತೊನ್ನು ಎಂದು ತೀರ್ಮಾನಿಸಿ ಮದುವೆ ನಿಲ್ಲಿಸಿದ್ದರು.

ಅದು ತೊನ್ನಲ್ಲ, ಬೆವರಿನ ದಿನಗಳಲ್ಲಿ ಯಾರಿಗಾದರೂ ಬರುವ ಚಿಬ್ಬು, ಮುಲಾಮು ಹಚ್ಚಿದರೆ ಹೋಗುವಂಥದ್ದು ಎಂದು ನೀಲಗಂಗಾ ನೋಡಿದೊಡನೆ ತಿಳಿದಳು. ಔಷಧ ಕೊಟ್ಟು ಕಳಿಸಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. ಆದರೆ ಅವಳು ಕೊರಳಿಗೆ ಸ್ಟೆತಾಸ್ಕೋಪನ್ನು ವಿಜಯಮಾಲೆಯಂತೆ ಧರಿಸಿ, ಆಸ್ಪತ್ರೆಯ ನರ್ಸಮ್ಮನನ್ನು ಜೊತೆಗಿಟ್ಟುಕೊಂಡು, ಸಂಧಾನಕ್ಕೆ ಹೊರಟ ರಾಯಭಾರಿಯಂತೆ ನೇರವಾಗಿ ಬೀಗರ ಮನೆಗೇ ಹೋದಳು. ಚಹಾ ಬಂತು. ಅವಳು ರೋಗದ ಹುಟ್ಟನ್ನೂ ಶಿಲೀಂಧ್ರದ ಸ್ವಭಾವವನ್ನೂ ಬಿಡಿಸಿ ವಿವರಿಸಿದಳು. ವರನ ತಂದೆ ಕೊನೆಯವರೆಗೂ ಸಮಾಧಾನವಾಗಿ ಕೇಳಿ, ಒಂದು ಪ್ರಶ್ನೆ ಹಾಕಿದನು.

“ನೀವು ಚರ್ಮದ ಡಾಕ್ಟರೇನ್ರಿ?”

“ಅಲ್ರಿ. ಆದ್ರ ಇದು ಯಾವ ಡಾಕ್ಟರ್ರಿಗರೆ ತಿಳಿಯೂವಂಥದ್ದು.”

“ಹಂಗಾರ ಚರ್ಮದ ಡಾಕ್ಟರ್ರು ಬಂದು ಹೇಳ್ಲಿ ಬಿಡ್ರಿ. ನೀವು ಚಾ ಕುಡೀರಿ.”

ಆ ಒಂದು ಮಾತು ಬ್ರಹ್ಮಾಸ್ತ್ರದಂತೆ ಅವಳ ಎದೆಗೆ ನಾಟಿತು. ಹಿಂದಿರುಗುವ ದಾರಿಯಲ್ಲಿ, ಎರಡೂ ಕಡೆ ಕಡಲೆ ಹೊಲಗಳು ಸಾಕ್ಷಿಯಾಗಿ ನಿಂತಿರಲು, ಅವಳು ಮಹಾಪ್ರತಿಜ್ಞೆಯೊಂದನ್ನು ಕೈಗೊಂಡಳು: ಓದಿದರೆ ಚರ್ಮವನ್ನೇ ಓದುವೆನು, ಇಲ್ಲವಾದರೆ ಈ ಜನ್ಮದಲ್ಲಿ ಎಂ.ಡಿ. ಎಂಬ ಶಬ್ದವನ್ನು ಉಚ್ಚರಿಸೆನು. ಆಕಾಶದಿಂದ ಪುಷ್ಪವೃಷ್ಟಿಯಾಗಲಿಲ್ಲ. ನರ್ಸಮ್ಮ ಮಾತ್ರ, ಲಗೂನ ನಡೀರಿ, ಮಳಿ ಬರೂ ಹಂಗ ಐತಿ ಎಂದಳು.

ರೇಣವ್ವನ ಮಚ್ಚೆಗಳು ಮಾಯವಾದವು. ಮದುವೆ ತಪ್ಪಿದ್ದಕ್ಕೆ ಅವಳಿಗೆ ಅಂಥ ದುಃಖವಿರಲಿಲ್ಲ; ಆ ಹುಡುಗ ಬಾಯಿ ಬಿಟ್ಟರೆ ಬೈಕಿನ ಮಾತನ್ನೇ ಆಡುತ್ತಿದ್ದನಂತೆ. ಆದರೂ ಅವಳು ಉದ್ದ ತೋಳಿನ ಕುಪ್ಪಸವನ್ನು ಬಿಡಲಿಲ್ಲ. ಮಚ್ಚೆ ಹೋದ ಮೇಲೂ ಜನರ ಕಣ್ಣು ಅದೇ ಜಾಗಕ್ಕೆ ಹೋಗುತ್ತದೆ ಎಂದಳು. ಅದಕ್ಕೆ ಯಾವ ಮುಲಾಮು ಬರೆಯಬೇಕೋ ನೀಲಗಂಗಾಳಿಗೆ ತಿಳಿಯಲಿಲ್ಲ.

ಇತ್ತ ಪುಷ್ಪಾಧಿಪತಿ ಸಂಗಪ್ಪನ ಕನಸೇ ಬೇರೆಯಾಗಿತ್ತು. ಮಗಳು ಹೆರಿಗೆ ಡಾಕ್ಟರಾಗಬೇಕು, ಅವಳು ಭೂಮಿಗೆ ಇಳಿಸಿದ ಕೂಸುಗಳ ತೊಟ್ಟಿಲಿಗೆ ತಾನು ಹೂ ಕಟ್ಟಬೇಕು, ಹೀಗೆ ತಂದೆ ಮಗಳ ಜೋಡಿ ಸಾಮ್ರಾಜ್ಯ ಗದಗಿನಿಂದ ಲಕ್ಷ್ಮೇಶ್ವರದವರೆಗೆ ಹಬ್ಬಬೇಕು. ಮಗಳ ಪ್ರತಿಜ್ಞೆ ಕೇಳಿ ಅವನು ಸೇವಂತಿಗೆಯ ಬುಟ್ಟಿಯ ಮುಂದೆ ಕುಳಿತು, ಕಟ್ಟಿದ ಮಾಲೆಯನ್ನೇ ಬಿಚ್ಚಿ ಮತ್ತೆ ಕಟ್ಟಿದನು.

“ಚರ್ಮದ ಡಾಕ್ಟರಿಗೂ ಹೂವಿಗೂ ಏನರೆ ಸಂಬಂಧ ಐತೇನವ್ವಾ?” ಎಂದು ಕೊನೆಗೆ ಕೇಳಿದನು.

“ಐತಿ. ಸೇವಂತಿಗಿ ಮುಟ್ಟಿದ ದಿನ ನಿನ್ನ ಕೈ ಕೆರದು ಕೆರದು ರಕ್ತ ಬರ್ತೈತಲ್ಲ ಅಪ್ಪಾ, ಅದಕ್ಕೂ ಒಂದು ಹೆಸರೈತಿ.”

ಸಂಗಪ್ಪ ತನ್ನ ಕೈಗಳನ್ನು ಮಡಿಲಲ್ಲಿ ಮುಚ್ಚಿಕೊಂಡನು. ಇವು ದುಡಿಯುವ ಕೈ, ಇವಕ್ಕೆ ಬ್ಯಾರೆ ಹೆಸರು ಬೇಡ ಎಂದನು. ಅಲ್ಲಿಗೆ ಆ ವಾಗ್ಯುದ್ಧ ಯಾರೂ ಗೆಲ್ಲದೆ, ಯಾರೂ ಸೋಲದೆ ನಿಂತಿತು.

ಮೊದಲ ವರ್ಷದ ಪರೀಕ್ಷೆಯೆಂಬ ದಂಡಯಾತ್ರೆಯಲ್ಲಿ ನೀಲಗಂಗಾ ಸೋತಳು. ಎರಡನೆಯ ವರ್ಷ, ಆಸ್ಪತ್ರೆಯ ಔಷಧದ ಪೆಟ್ಟಿಗೆಗಳನ್ನೇ ಮೇಜು ಮಾಡಿಕೊಂಡು ಓದಿ, ರ್‍ಯಾಂಕು ತಂದಳು. ಆದರೆ ಎಂಥ ರ್‍ಯಾಂಕು? ಚರ್ಮಸೀಟು ಸಿಕ್ಕರೂ ಸಿಗಬಹುದು, ಸಿಗದಿದ್ದರೂ ಆಶ್ಚರ್ಯವಿಲ್ಲ ಎಂಬಂತೆ ಹೊಸ್ತಿಲಿನ ಮೇಲೆ ಒಂದು ಕಾಲಿಟ್ಟು ನಿಂತ ರ್‍ಯಾಂಕು. ಮೊದಲ ಸುತ್ತುಗಳಲ್ಲಿ ಕೈತಪ್ಪಿತು. ಕೊನೆಯ ಸುತ್ತಿಗೆ ಅಭ್ಯರ್ಥಿಗಳು ಖುದ್ದಾಗಿ ಬಂದು, ಹೆಬ್ಬೆಟ್ಟು ಒತ್ತಿ, ಅಲ್ಲೇ ಸೀಟು ಆರಿಸಿಕೊಳ್ಳಬೇಕೆಂದು ರಾಜಧಾನಿಯಿಂದ ಕರೆ ಬಂತು.

ರೊಟ್ಟಿಗಂಟುಧಾರಿಯಾದ ಸಂಗಪ್ಪ ಮಗಳಿಗೆ ಬೆಂಗಾವಲಾಗಿ ಹೊರಟನು. ಸೀಟಿನ ವಿಷಯದಲ್ಲಿ ಅವನಿಗೆ ಇನ್ನೂ ಮುನಿಸಿತ್ತು. ಆದರೆ ಮಗಳು ಊರಲ್ಲದ ಊರಿನಲ್ಲಿ ಹಸಿದು ನಿಲ್ಲುವುದು ಅವನ ವಂಶಕ್ಕೆ ಕಳಂಕವಾಗಿತ್ತು.

ಆಹಾ, ಆ ಸಭಾಂಗಣವನ್ನು ಏನೆಂದು ಬಣ್ಣಿಸಲಿ. ಪ್ಲಾಸ್ಟಿಕ್ ಕುರ್ಚಿಗಳ ವ್ಯೂಹದ ಮೇಲೆ ವ್ಯೂಹ. ಪ್ರಮಾಣಪತ್ರಗಳ ಫೈಲುಗಳೇ ಗುರಾಣಿ, ನೀರಿನ ಬಾಟಲಿಗಳೇ ಗದೆ. ಮೇಲೆ ಕರಕರ ತಿರುಗುವ ಫ್ಯಾನುಗಳ ರಣಭೇರಿ. ಗೋಡೆಯ ಮೇಲಿನ ಪರದೆಯಲ್ಲಿ ಉಳಿದ ಸೀಟುಗಳ ಹೆಸರುಗಳು ಹೊಳೆಯುತ್ತಿದ್ದವು. ಒಬ್ಬೊಬ್ಬ ವೀರ ಒಳಗೆ ಹೋಗಿ ಬಂದಂತೆ ಒಂದೊಂದು ಹೆಸರು ಅಳಿದು, ಹಿಂದಿನವರ ಎದೆಯಿಂದ ನಿಟ್ಟುಸಿರು ಹೊರಡುತ್ತಿತ್ತು. ಮಧ್ಯಾಹ್ನವಾಗುವ ಹೊತ್ತಿಗೆ ಚರ್ಮಸೀಟುಗಳೆಲ್ಲ ರಣಭೂಮಿಯಲ್ಲಿ ಉರುಳಿ, ಒಂದು ಸರಕಾರಿ ಕಾಲೇಜಿನ ಒಂದೇ ಒಂದು ಸೀಟು ಉಳಿದಿತ್ತು.

ಆಗ ಪಕ್ಕದ ಕುರ್ಚಿಯಲ್ಲಿ, ಸನ್‌ಸ್ಕ್ರೀನ್‌ಲೇಪನದಿಂದ ಪೂರ್ಣಚಂದ್ರನಂತೆ ಹೊಳೆಯುವ ಮುಖಮಂಡಲದ, ಮೊಡವೆಯೆಂಬ ಶತ್ರುವನ್ನು ಜನ್ಮದಲ್ಲೇ ಕಾಣದ ಕಪೋಲಗಳ ಯುವಕನೊಬ್ಬ ಬಂದು ಕುಳಿತನು. ಅವನೇ ಉಡುಪಿಯ ಡಾಕ್ಟರ್ ಪ್ರತ್ಯೂಷ್ ಬಳ್ಳಾಲ. ರ್‍ಯಾಂಕಿನಲ್ಲಿ ನೀಲಗಂಗಾಳ ಬೆನ್ನಿಗೇ ನಿಂತವನು.

“ನಿಮ್ಮದು ಯಾವ ಬ್ರಾಂಚ್ ಮಾರಾಯ್ರೆ?”

“ಚರ್ಮ ರೀ.”

“ನನ್ನದೂ ಅದೇ ಅಲ್ವಾ,” ಎಂದು ಅವನು ಪರದೆಯ ಕಡೆ ನೋಡಿದನು. “ಒಂದೇ ಉಂಟು.”

ಅನಂತರ ಆ ಇಬ್ಬರೂ ಮಹಾರಥಿಗಳು ಪರಸ್ಪರ ಪೌರುಷವನ್ನು ಸಾರಿಕೊಂಡರು. ಬಳ್ಳಾಲಕುಮಾರನು ತನ್ನ ತಾಯಿಯ ಚರ್ಮಚಿಕಿತ್ಸಾಲಯದ ಕೀರ್ತಿಯನ್ನೂ, ಕಲೆಗಳನ್ನು ಕ್ಷಣಮಾತ್ರದಲ್ಲಿ ಭಸ್ಮಮಾಡುವ ಲೇಸರೆಂಬ ಆಗ್ನೇಯಾಸ್ತ್ರವನ್ನೂ, ತಾನು ಎಳೆವಯಸ್ಸಿನಲ್ಲೇ ಕಜ್ಜಿಯನ್ನೂ ಗಜಕರ್ಣವನ್ನೂ ದೂರದಿಂದಲೇ ಬೇರ್ಪಡಿಸಿ ಹೇಳುತ್ತಿದ್ದುದನ್ನೂ ಘೋಷಿಸಿದನು. ಗಜಕರ್ಣನೆಂದರೆ ಯಾವನೋ ದೈತ್ಯನಿರಬೇಕೆಂದು ಭಾವಿಸಿ ಸಂಗಪ್ಪ ಗಂಟನ್ನು ಎದೆಗವಚಿಕೊಂಡನು. ನೀಲಗಂಗಾ ಪ್ರತಿಯಾಗಿ, ತಾನು ಲೇಸರನ್ನು ಕಂಡವಳಲ್ಲವೆಂದೂ, ಆದರೆ ಕರೆಂಟಿಲ್ಲದ ಕೋಣೆಯಲ್ಲಿ ಮೊಬೈಲಿನ ಬೆಳಕು ಹಿಡಿದು, ಸ್ಪರ್ಶಜ್ಞಾನ ಅಳಿದ ಮಚ್ಚೆಯನ್ನು ಹತ್ತಿಯ ಎಳೆಯಿಂದ ಪರೀಕ್ಷಿಸಿ ಕುಷ್ಠವನ್ನು ಅದರ ಬಾಲ್ಯದಲ್ಲೇ ಹಿಡಿದವಳೆಂದೂ ಸಾರಿದಳು. ಹೀಗೆ ಮಾತು ಮಾತಿಗೆ ತಾಗಿ ಕಿಡಿ ಹಾರುತ್ತಿರಲು, ಸಂಗಪ್ಪ ಗಂಟು ಬಿಚ್ಚಿ ಇಬ್ಬರಿಗೂ ರೊಟ್ಟಿ ಕೊಟ್ಟನು. ಮೇಲೆ ಶೇಂಗಾ ಹಿಂಡಿಯೆಂಬ ಚಟ್ನಿಪುಡಿ, ಅದರ ಮೇಲೆ ಧಾರಾಳವಾಗಿ ಎಣ್ಣೆ. ವೈರಿಗಳು ಮಾತು ನಿಲ್ಲಿಸಿ ಉಂಡರು. ಬಳ್ಳಾಲನು ಮತ್ತೊಂದು ಕೇಳಿ ಹಾಕಿಸಿಕೊಂಡನು.

ಊಟ ಮುಗಿಯುವ ಮುನ್ನವೇ ಹೆಸರು ಕೂಗಿದರು. ನೀಲಗಂಗಾ ದಿಗ್ಗನೆದ್ದು, ಬೆರಳುಗಳನ್ನು ಓಢಣಿಗೆ ಒರೆಸಿಕೊಳ್ಳುತ್ತಲೇ ಯುದ್ಧರಂಗವನ್ನು ಹೊಕ್ಕಳು.

ಮೇಜಿನ ಆಚೆ, ಚಾಳೀಸು ಮೂಗಿನ ತುದಿಗೆ ಇಳಿದಿದ್ದ ಅಧಿಕಾರಿಣಿ ಕಾತ್ಯಾಯಿನಮ್ಮ. ಈಚೆ, ಅಂಗೈಯಗಲದ ಹೆಬ್ಬೆಟ್ಟುಯಂತ್ರ. ಅದು ಹಸಿರು ಕಣ್ಣು ತೆರೆದರೆ ಸೀಟು. ಕೆಂಪು ಕಣ್ಣು ತೆರೆದರೆ ಸರ್ವನಾಶ. ನೀಲಗಂಗಾ ಇಷ್ಟದೇವರನ್ನು ನೆನೆದು ಹೆಬ್ಬೆರಳನ್ನು ಒತ್ತಿದಳು.

ಕೆಂಪು.

ಮತ್ತೆ ಒತ್ತಿದಳು. ಕೆಂಪು. ಓರೆಯಾಗಿ ಒತ್ತಿದಳು, ನೇರವಾಗಿ ಒತ್ತಿದಳು, ಶಿವಧನುವನ್ನು ಎತ್ತಹೊರಟ ಅರಸರಂತೆ ಎಡಗೈಯಿಂದ ಬಲಗೈಯನ್ನು ಅದುಮಿಹಿಡಿದು ಒತ್ತಿದಳು. ಯಂತ್ರವು ಮೂರನೆಯ ಕಣ್ಣು ತೆರೆದ ರುದ್ರನಂತೆ ಕೆಂಪಗೆ ಉರಿಯಿತು.

ಕಾತ್ಯಾಯಿನಮ್ಮ ಅವಳ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. “ಬೆರಳೆಲ್ಲ ಸಿಪ್ಪೆ ಎದ್ದಿದೆಯಲ್ಲ ಮೇಡಮ್. ಗೆರೆನೇ ಕಾಣಲ್ಲ. ಯಾವ ಬ್ರಾಂಚು?”

“ಚರ್ಮ,” ಎಂದಳು ನೀಲಗಂಗಾ. ಆ ಶಬ್ದ ಅವಳ ಬಾಯಿಂದ ಹೊರಟು ಮೇಜಿನ ಮೇಲೆ ಬಿದ್ದು ಅಲ್ಲೇ ಉಳಿಯಿತು.

“ಮೊದಲು ಯಾರಿಗಾದ್ರೂ ತೋರಿಸ್ಕೋಬಾರ್ದಿತ್ತಾ?” ಕಾತ್ಯಾಯಿನಮ್ಮನ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾದ ಕಾಳಜಿಯಿತ್ತು. ಅದರಿಂದಲೇ ಅದು ಹೆಚ್ಚು ನೋಯಿಸಿತು. “ಸ್ವಲ್ಪ ಪಕ್ಕಕ್ಕೆ ನಿಂತ್ಕೊಳಿ. ಮುಂದಿನವರು ಬರ್ಲಿ.”

ಪಕ್ಕಕ್ಕೆ ನಿಂತ ನೀಲಗಂಗಾಳ ಮನಸ್ಸಿನಲ್ಲಿ ಸಮುದ್ರಮಥನವೇ ನಡೆಯಿತು. ಆದರೂ ವೈದ್ಯಬುದ್ಧಿ ಅವಳನ್ನು ಬಿಡಲಿಲ್ಲ. ಅತಿಕ್ಷಾಲನಜನ್ಯವಾದ, ಸಾಬೂನುದ್ರವಪ್ರಕೋಪದಿಂದುಂಟಾದ, ಸ್ನಿಗ್ಧತಾಕ್ಷಯಲಕ್ಷಣದಿಂದ ಕೂಡಿದ ಬೆರಳ್ತುದಿಯ ಶುಷ್ಕಚರ್ಮರೋಗವಿದು ಎಂದು ಅವಳು ತನ್ನ ಮೇಲೆ ತಾನೇ ತೀರ್ಪು ಕೊಟ್ಟುಕೊಂಡಳು. ಇದಕ್ಕೆ ಜಿಡ್ಡೇ ಮದ್ದು. ಆದರೆ ಈ ರಣರಂಗದಲ್ಲಿ ಜಿಡ್ಡು ಎಲ್ಲಿಂದ ತರುವುದು? ಮಗಳ ಸಂಕಟವನ್ನು ದೂರದಿಂದಲೇ ಕಂಡ ಸಂಗಪ್ಪ, ಏನು ಎತ್ತ ತಿಳಿಯದೆ, ಗಂಟು ಹಿಡಿದು ಎದ್ದು ನಿಂತನು. ಹೆರಿಗೆ, ತೊಟ್ಟಿಲು, ಲಕ್ಷ್ಮೇಶ್ವರದವರೆಗಿನ ಸಾಮ್ರಾಜ್ಯ ಎಲ್ಲವೂ ಆ ಗಳಿಗೆಯಲ್ಲಿ ಅವನಿಗೆ ಮರೆತುಹೋಗಿತ್ತು.

ಬಳ್ಳಾಲಕುಮಾರನು ಮೇಜಿನ ಬಳಿಗೆ ಬಂದನು. ಒಂದು ಹೆಬ್ಬೆಟ್ಟು ಒತ್ತಿದರೆ ಸಾಕು, ಕೊನೆಯ ಚರ್ಮಸೀಟು ಅವನದು. ಅವನ ತಾಯಿ ಬೋರ್ಡಿನ ಮೇಲೆ ಅವನ ಹೆಸರಿಗೆಂದು ಜಾಗ ಬಿಟ್ಟು ಕಾಯುತ್ತಿದ್ದಳು. ಅವನು ಕೈ ಚಾಚಿದನು. ನೀಲಗಂಗಾಳ ಕಡೆ ನೋಡಿದನು. ಕೈಯನ್ನು ಹಿಂದೆಳೆದು, ಹೆಗಲಚೀಲದೊಳಗೆ ಮೊಳಕೈವರೆಗೆ ತೂರಿಸಿ, ಸನ್‌ಸ್ಕ್ರೀನು, ಫೇಸ್‌ವಾಶು, ತುಟಿಗೆ ಹಚ್ಚುವ ಕಡ್ಡಿ ಎಲ್ಲವನ್ನೂ ಮೇಜಿನ ಮೇಲೆ ಸುರಿದು, ಕೊನೆಗೆ ಕ್ರೀಮಿನ ಒಂದು ಟ್ಯೂಬನ್ನು ಎತ್ತಿ ಅವಳ ಮುಂದೆ ಹಿಡಿದನು.

“ಹಚ್ಚಿ ಮಾರಾಯ್ರೆ. ನಿಮ್ಮ ರೊಟ್ಟಿ ತಿಂದು ನಿಮ್ಮ ಸೀಟೂ ತಿಂದರೆ ನನಗೆ ಜೀರ್ಣ ಆಗುವುದಿಲ್ಲ.”

ಮೂರು ಲೋಕದಲ್ಲೂ ಇಂಥ ಔದಾರ್ಯವನ್ನು ಯಾರು ಕಂಡಿದ್ದಾರೆ? ನೀಲಗಂಗಾ ಕಣ್ಣು ತುಂಬಿಕೊಂಡು, ಟ್ಯೂಬನ್ನು ಹಿಂಡಿ, ಸಂಜೀವಿನಿಯನ್ನು ಲೇಪಿಸಿಕೊಳ್ಳುವಂತೆ ಹೆಬ್ಬೆರಳಿಗೆ ತಿಕ್ಕಿಕೊಂಡು, ಯಂತ್ರದ ಮೇಲೆ ಇಟ್ಟಳು. ಬೆರಳು ಜಾರಿ ಮೇಜಿನ ಆ ತುದಿಯಲ್ಲಿ ನಿಂತಿತು. ಕೆಂಪು.

ಕಾತ್ಯಾಯಿನಮ್ಮ ಉಸಿರು ಬಿಟ್ಟು, ನೀವಾದ್ರೂ ಒತ್ತಿ ಎಂದು ಬಳ್ಳಾಲನಿಗೆ ಹೇಳಿದಳು. ಅವನು ಕ್ಷಮೆ ಬೇಡುವವನಂತೆ ಒಮ್ಮೆ ನೀಲಗಂಗಾಳ ಕಡೆ ನೋಡಿ, ಚಂದನದಂತೆ ನುಣುಪಾದ, ಯಾವ ರೋಗವೂ ಮುಟ್ಟದ ತನ್ನ ಹೆಬ್ಬೆಟ್ಟನ್ನು ಒತ್ತಿದನು. ಅದಕ್ಕೂ ಕೆಂಪು.

ಈಗ ಕಾತ್ಯಾಯಿನಮ್ಮನಿಗೆ ಸಂಶಯ ಬಂತು. ಅವಳು ಯಂತ್ರವನ್ನು ಎತ್ತಿ, ಚಾಳೀಸು ಏರಿಸಿ, ಗಾಜಿನ ಮೇಲೆ ಕಣ್ಣಿಟ್ಟಳು. ಆಮೇಲೆ ಮೂಗಿನ ಹತ್ತಿರ ತಂದಳು.

“ಶೇಂಗಾ ವಾಸ್ನೆ ಬರ್ತಿದೆ,” ಎಂದಳು.

ನೀಲಗಂಗಾ ತನ್ನ ಓಢಣಿಯ ತುದಿಯನ್ನು ನೋಡಿದಳು. ಅಲ್ಲಿ ಕೆಂಪು ಹಿಂಡಿಯ ಕಲೆ, ಅದರ ಸುತ್ತ ಎಣ್ಣೆಯ ಪ್ರಭಾವಳಿ. ಬಳ್ಳಾಲನು ತನ್ನ ಬೆರಳನ್ನು ಮೂಸಿ, ಕರವಸ್ತ್ರ ತೆಗೆದನು. ದೂರದಲ್ಲಿ ಸಂಗಪ್ಪ ಗಂಟನ್ನು ನಿಧಾನವಾಗಿ ಕುರ್ಚಿಯ ಕೆಳಗೆ ಸರಿಸಿದನು.

ಜಿಡ್ಡಿನಿಂದಾದ ವ್ಯಾಧಿಗೆ ಜಿಡ್ಡಿನ ಕೊರತೆಯೆಂದು ನಿದಾನ ಮಾಡಿ, ಮೇಲೆ ಮತ್ತಷ್ಟು ಜಿಡ್ಡು ಹಚ್ಚಿದ ಮಹಾವೈದ್ಯೆ, ಕಾತ್ಯಾಯಿನಮ್ಮನು ಸೆರಗಿನ ಅಂಚಿನಿಂದ ಗಾಜನ್ನು ಒರೆಸುವುದನ್ನು ನೋಡುತ್ತ ನಿಂತಳು. ರ್‍ಯಾಂಕಿನಲ್ಲಿ ಮುಂದಿದ್ದವಳಿಗೇ ಮೊದಲ ಸರದಿಯೆಂದು, ನಲ್ಲಿಯಲ್ಲಿ ಕೈ ತೊಳೆದುಕೊಂಡು ಬರಲು ಅವಳಿಗೆ ಅಪ್ಪಣೆಯಾಯಿತು. ತೊಳೆದು ಬಂದಳು. ಒತ್ತಿದಳು. ಸಿಪ್ಪೆ ಎದ್ದ ಬೆರಳನ್ನು ಯಂತ್ರವು ಯಾವ ತಕರಾರೂ ಇಲ್ಲದೆ ಗುರುತಿಸಿತು. ಹಸಿರು ಬೆಳಗಿತು. ಸೀಟು ಅವಳದಾಯಿತು.

ಬಳ್ಳಾಲಕುಮಾರನು ಮಕ್ಕಳ ವಿಭಾಗವನ್ನು ಆರಿಸಿಕೊಂಡನು. ತಾಯಿಗೆ ಫೋನು ಮಾಡಿ ಹೊರಗೆ ಬಂದಾಗ ಅವನ ಮುಖದ ಹೊಳಪು ಸ್ವಲ್ಪ ಕುಂದಿತ್ತು. ಅಮ್ಮ ಏನೂ ಬೈಯಲಿಲ್ಲ, ಬೋರ್ಡಿನಲ್ಲಿ ಬಿಟ್ಟ ಜಾಗಕ್ಕೆ ಏನು ಮಾಡುವುದು ಅಂತ ಮಾತ್ರ ಕೇಳಿದರು ಎಂದನು. ನೀಲಗಂಗಾ ಹೋಗುವ ಮುನ್ನ ಅವನ ಟ್ಯೂಬನ್ನು ಹಿಂದಿರುಗಿಸಿದಳು. ಇಟ್ಟುಕೊಳ್ಳಿ, ಬೆರಳಿಗೆ ಅದು ನಿಜವಾಗಿಯೂ ಬೇಕು ಎಂದು ಅವನು ನಕ್ಕನು.

ಮರುದಿನ ಬೆಳಿಗ್ಗೆ, ತಂದೆ ಮಗಳ ವಿಜಯಯಾತ್ರೆ ಎರಡನೆಯ ದರ್ಜೆಯ ಬೋಗಿಯಲ್ಲಿ ಉತ್ತರಾಭಿಮುಖವಾಗಿ ಹೊರಟಿತು. ತುಮಕೂರು ದಾಟುವವರೆಗೆ ಸಂಗಪ್ಪ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದನು. ಅನಂತರ, ಯಾರೂ ಕೇಳದಿದ್ದರೂ, ಎದುರಿನ ಸೀಟಿನವರಿಗೆ ಮಗಳನ್ನು ತೋರಿಸಿ, ಈಕೆ ಇನ್ನು ಮೂರು ವರ್ಷ ಓದಿ ಚರ್ಮದ ದೊಡ್ಡ ಡಾಕ್ಟರಾಗುವವಳೆಂದೂ, ಇಡೀ ರಾಜ್ಯದಲ್ಲಿ ಉಳಿದಿದ್ದ ಒಂದೇ ಸೀಟನ್ನು ಯಂತ್ರದ ಬಾಯಿಂದ ಕಿತ್ತು ತಂದವಳೆಂದೂ ಘೋಷಿಸಿದನು. ಹಿಂಡಿಯ ಪ್ರಸ್ತಾಪ ಮಾಡಲಿಲ್ಲ.

ಆ ಘೋಷಣೆಯೊಂದಿಗೆ ಬೋಗಿಯ ಸಮಸ್ತ ಚರ್ಮಗಳೂ ಎಚ್ಚೆತ್ತವು. ಒಬ್ಬಾಕೆ ಮಗುವಿನ ಬೆವರುಗುಳ್ಳೆ ತೋರಿಸಿದಳು, ಒಬ್ಬ ಯುವಕ ಟೋಪಿ ತೆಗೆದು ತಲೆಹೊಟ್ಟು ತೋರಿಸಿದನು, ಇನ್ನೊಬ್ಬ ಏನನ್ನೂ ತೋರಿಸದೆ, ಡಾಕ್ಟರೇ ಆಮೇಲೆ ಒಂದು ಮಾತು ಎಂದು ತಗ್ಗಿದ ದನಿಯಲ್ಲಿ ಹೇಳಿ ಹೋದನು. ಪ್ರಜೆಗಳ ಕಾಣಿಕೆ ಸ್ವೀಕರಿಸುವ ಚಕ್ರವರ್ತಿನಿಯಂತೆ ನೀಲಗಂಗಾ ಒಬ್ಬೊಬ್ಬರಿಗೂ ಸಮಾಧಾನ ಹೇಳಿದಳು. ಹಾವೇರಿಯ ಹತ್ತಿರ, ಶುಭ್ರವಾದ ಧೋತರದ ಮುದುಕರೊಬ್ಬರು ಕಷ್ಟಪಟ್ಟು ಕಾಲೆತ್ತಿ ಅವಳ ಎದುರಿನ ಸೀಟಿನ ಮೇಲಿಟ್ಟರು. ಅಂಗಾಲಿನಲ್ಲಿ ಒಂದು ಆಣಿ. ಎಷ್ಟೋ ವರ್ಷದಿಂದ ಕಾಡುತ್ತಿದ್ದುದು, ಯಾರ ಮದ್ದಿಗೂ ಬಗ್ಗದ್ದು.

ಮಹಾಪ್ರತಿಜ್ಞಾಧುರಂಧರೆಯಾದ, ಅಂಗುಷ್ಠಯಂತ್ರಮರ್ದಿನಿಯಾದ, ಅಂತಿಮಚರ್ಮಸೀಟುಸ್ವಾಮಿನಿಯಾದ ನೀಲಗಂಗಾ ಬಾಗಿ ಆ ಆಣಿಯನ್ನು ನೋಡಿದಳು. ಮುದುಕರು ಬಿಚ್ಚಿಟ್ಟಿದ್ದ, ಒಂದೇ ಕಡೆ ಸವೆದ ಚಪ್ಪಲಿಯನ್ನೂ ತಿರುಗಿಸಿ ನೋಡಿದಳು. ಬೋಗಿಯೇ ಕಾದು ನಿಂತಿತ್ತು.

“ಅಜ್ಜಾ, ಚಪ್ಪಲಿ ಬದಲ್ ಮಾಡ್ರಿ,” ಎಂದಳು.

ಮುದುಕರು ಇನ್ನೇನೋ ಬರುತ್ತದೆಂದು ಸ್ವಲ್ಪ ಹೊತ್ತು ಕಾದರು. ಏನೂ ಬರಲಿಲ್ಲ. ಕಾಲು ಇಳಿಸಿ ಸಂಗಪ್ಪನ ಕಡೆ ತಿರುಗಿದರು.

“ಇಷ್ಟು ಹೇಳಾಕ ಆಕಿ ಇನ್ನೂ ಮೂರ್ ವರ್ಷ ಓದಬೇಕೇನ್ರಿ?”

“ಹೌದ್ರಿ,” ಎಂದನು ಸಂಗಪ್ಪ ಗಂಭೀರವಾಗಿ. “ಓದು ಮುಗದ ಮ್ಯಾಲೆ ಎಂಥಾ ಚಪ್ಪಲಿ ಅನ್ನೋದನ್ನೂ ಹೇಳ್ತಾಳ.”